ವಿಸಿಟ್ ವೀಸಾದಲ್ಲಿದ್ದಾಗ ಅಮೆರಿಕನ್ ಸಿಟಿಜನ್ ಜತೆ ಮದುವೆ: ಗ್ರೀನ್ ಕಾರ್ಡ್ ಅರ್ಜಿಗೆ ಕರಾವಳಿಯವರ ಮಾರ್ಗದರ್ಶಿ

ಬಿ-2 ವಿಸಿಟ್ ವೀಸಾದಲ್ಲಿ ಅಮೆರಿಕಕ್ಕೆ ಹೋದವರು ಅಲ್ಲಿನ ಸಿಟಿಜನ್ ಒಬ್ಬರನ್ನು ಮದುವೆಯಾಗಿ, ಊರಿಗೆ ಬಾರದೆ ಅಲ್ಲಿಂದಲೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದೇ? ಹಾಕಬಹುದು. ಕಾನೂನಿನಲ್ಲೇ ಈ ದಾರಿ ಇದೆ, ‘ಅಡ್ಜಸ್ಟ್‌ಮೆಂಟ್ ಆಫ್ ಸ್ಟೇಟಸ್’ ಎನ್ನುತ್ತಾರೆ. ಆದರೆ ‘ವಿಸಿಟ್ ವೀಸಾ ಮಾಡಿಸಿ ಹೋಗಿ, ಅಲ್ಲಿ ಮದುವೆ ಮಾಡಿಕೊಂಡರಾಯಿತು’ ಎಂದು ಮದುವೆ ಹಾಲ್‌ನ ಊಟದ ಪಂಕ್ತಿಯಲ್ಲಿ ಸಿಗುವ ಸಲಹೆ ಇದೆಯಲ್ಲ, ಈ ದಾರಿಗೆ ಕಲ್ಲು ಹಾಕುವುದೇ ಅದು. ಅಮೆರಿಕಕ್ಕೆ ಕಾಲಿಟ್ಟ ದಿನ ನಿಮ್ಮ ಉದ್ದೇಶ ಏನಿತ್ತು, ಅಧಿಕಾರಿಯ ಮುಂದೆ ಏನು ಹೇಳಿದಿರಿ ಎಂಬುದರ ಮೇಲೆ ಅರ್ಜಿಯ ಅರ್ಧ ಭವಿಷ್ಯ ನಿಂತಿರುತ್ತದೆ. ಉಳಿದರ್ಧ ಊರಿನ ಕಾಗದಪತ್ರಗಳ ಮೇಲೆ.

ಈ ದಾರಿ ನಿಮಗಿದೆಯೇ?

ಸಂಗಾತಿ ನಿಜಕ್ಕೂ ಸಿಟಿಜನ್ ಹೌದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ‘ಹುಡುಗ ಅಮೆರಿಕದಲ್ಲಿ ಸೆಟ್ಲ್ ಆಗಿದ್ದಾನೆ’ ಎಂದರೆ ಕೆಲಸದ ವೀಸಾ ಎಚ್-1ಬಿ ಇರಬಹುದು, ಗ್ರೀನ್ ಕಾರ್ಡ್ ಇರಬಹುದು, ಪೌರತ್ವವೂ ಇರಬಹುದು. ಅಮೆರಿಕದ ಪಾಸ್‌ಪೋರ್ಟ್, ನ್ಯಾಚುರಲೈಸೇಶನ್ ಸರ್ಟಿಫಿಕೇಟ್ ಅಥವಾ ಅಲ್ಲಿಯ ಜನನ ಪ್ರಮಾಣಪತ್ರ ನೋಡದೆ ಮುಂದಿನ ಹೆಜ್ಜೆ ಬೇಡ. ಸಿಟಿಜನ್‌ನ ಗಂಡ ಅಥವಾ ಹೆಂಡತಿ ‘ಇಮ್ಮಿಡಿಯೇಟ್ ರಿಲೆಟಿವ್’ ವರ್ಗಕ್ಕೆ ಸೇರುತ್ತಾರೆ. ಈ ವರ್ಗಕ್ಕೆ ವಾರ್ಷಿಕ ಮಿತಿ ಇಲ್ಲ, ಸರದಿಗೆ ಕಾಯಬೇಕಿಲ್ಲ. ಉಳಿಯುವ ಅವಧಿ ಮುಗಿದಿದ್ದರೂ, ಅನುಮತಿಯಿಲ್ಲದೆ ಕೆಲಸ ಮಾಡಿದ್ದರೂ ಅದೊಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ. ಗ್ರೀನ್ ಕಾರ್ಡ್ ಇರುವವರ ಸಂಗಾತಿ ಎಫ್2ಎ ವರ್ಗ. ಅವರಿಗೆ ಸರದಿ ಎಲ್ಲಿಗೆ ಬಂತೆಂದು ತಿಳಿಸುವ ವೀಸಾ ಬುಲೆಟಿನ್ ನೋಡುತ್ತಾ ಕಾಯುವ ಕೆಲಸವಿದೆ, ಮೇಲಿನ ರಿಯಾಯಿತಿಯೂ ಇಲ್ಲ.

ಎರಡನೆಯದಾಗಿ, ಅಧಿಕಾರಿಯ ತಪಾಸಣೆಗೆ ಒಳಗಾಗಿಯೇ ನೀವು ದೇಶದೊಳಗೆ ಬಂದಿರಬೇಕು. ಅದಕ್ಕೆ ಪುರಾವೆ ಐ-94 ದಾಖಲೆ. ಅಮೆರಿಕದ ಗಡಿ ತಪಾಸಣಾ ಸಂಸ್ಥೆ ಸಿಬಿಪಿಯ ಜಾಲತಾಣದಿಂದ ಅದನ್ನು ಇಳಿಸಿಟ್ಟುಕೊಳ್ಳಿ. ವೀಸಾ 10 ವರ್ಷದ್ದಿರಬಹುದು, ಆದರೆ ಎಷ್ಟು ದಿನ ಉಳಿಯಬಹುದು ಎನ್ನುವುದನ್ನು ಐ-94ರ ದಿನಾಂಕ ಹೇಳುತ್ತದೆ, ಸಾಮಾನ್ಯವಾಗಿ 6 ತಿಂಗಳು. ಇವೆರಡನ್ನು ಒಂದೇ ಎಂದುಕೊಂಡು ಅವಧಿ ಮೀರಿದವರು ಬಹಳ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ್ದು ಇನ್ನೆರಡಿದೆ. ಕ್ರೂಸ್ ಹಡಗಲ್ಲೋ ಮರ್ಚಂಟ್ ನೇವಿಯಲ್ಲೋ ದುಡಿಯುತ್ತಾ ಸಿ1/ಡಿ ವೀಸಾದಲ್ಲಿ ಸಿಬ್ಬಂದಿಯಾಗಿ ಅಮೆರಿಕದಲ್ಲಿ ಇಳಿದವರು ಸಿಟಿಜನ್‌ನನ್ನೇ ಮದುವೆಯಾದರೂ ಅಲ್ಲಿಂದ ಅಡ್ಜಸ್ಟ್ ಮಾಡುವಂತಿಲ್ಲ. ಇಮ್ಮಿಡಿಯೇಟ್ ರಿಲೆಟಿವ್ ರಿಯಾಯಿತಿ ಅವರಿಗೆ ಅನ್ವಯಿಸದು. ಊರಿಗೆ ಬಂದು ಕಾನ್ಸುಲೇಟ್ ಮೂಲಕವೇ ಹೋಗಬೇಕು. ಹಾಗೆಯೇ ಮಣಿಪಾಲ, ಮಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮಾಡಿದ ವೈದ್ಯರಿಗೆ 2 ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತು ಇರುತ್ತದೆ. ಆಮೇಲೆ ವಿಸಿಟ್ ವೀಸಾದಲ್ಲಿ ಹೋದರೂ ಷರತ್ತು ಬೆನ್ನು ಬಿಡುವುದಿಲ್ಲ. ಅದನ್ನು ಪೂರೈಸಿರಬೇಕು ಇಲ್ಲವೇ ವೇವರ್ (ವಿನಾಯಿತಿ) ಸಿಕ್ಕಿರಬೇಕು.

ಬಂದ ದಿನದ ಉದ್ದೇಶ

ಬಿ-2 ವೀಸಾ ಕೊಡುವುದು ‘ಈ ವ್ಯಕ್ತಿ ಮರಳಿ ಹೋಗುತ್ತಾನೆ’ ಎಂಬ ನಂಬಿಕೆಯ ಮೇಲೆ. ಅಕ್ಕನ ಬಾಣಂತನಕ್ಕೋ ಊರು ಸುತ್ತಲಿಕ್ಕೋ ಹೋದಾಗ ಪರಿಚಯ ಬೆಳೆದು, ಅಥವಾ ಮೊದಲೇ ಇದ್ದ ಸ್ನೇಹ ಗಟ್ಟಿಯಾಗಿ ಮದುವೆಗೆ ತಿರುಗಿದರೆ ತಪ್ಪೇನೂ ಇಲ್ಲ. ಮದುವೆಯಾಗಿ ಅಲ್ಲೇ ನಿಲ್ಲಬೇಕೆಂದು ಮೊದಲೇ ನಿಶ್ಚಯಿಸಿ, ಅಧಿಕಾರಿಗೆ ‘ತಿರುಗಾಡಲು ಬಂದೆ’ ಎಂದರೆ ಅದು ತಪ್ಪು ನಿರೂಪಣೆ. ಅದು ಸಾಬೀತಾದರೆ ಜೀವನಪರ್ಯಂತ ಪ್ರವೇಶ ನಿರ್ಬಂಧ. ಐ-601 ಎಂಬ ಕ್ಷಮಾ ಅರ್ಜಿ ಇದೆಯಾದರೂ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಸಂಗಾತಿಗೋ ಹೆತ್ತವರಿಗೋ ಅತಿಯಾದ ಕಷ್ಟವಾಗುತ್ತದೆಂದು ತೋರಿಸಿಕೊಡಬೇಕು. ಸುಲಭದ್ದಲ್ಲ.

ಎಲ್ಲರ ಬಾಯಲ್ಲೂ ಓಡಾಡುವ ‘90 ದಿನದ ರೂಲ್’ ಅಮೆರಿಕದ ವಿದೇಶಾಂಗ ಇಲಾಖೆಯ ಕೈಪಿಡಿಯದ್ದು. ಬಂದ 90 ದಿನದೊಳಗೆ ವೀಸಾಕ್ಕೆ ವಿರುದ್ಧವಾದ ನಡೆ ಕಂಡರೆ ತಪ್ಪು ನಿರೂಪಣೆ ಎಂದು ಊಹಿಸಲು ಅದು ಅವಕಾಶ ಕೊಡುತ್ತದೆ. ಗ್ರೀನ್ ಕಾರ್ಡ್ ಅರ್ಜಿ ನೋಡುವ ಯುಎಸ್‌ಸಿಐಎಸ್‌ಗೆ ಅದು ಕಟ್ಟುಪಾಡಲ್ಲ. ಹಾಗೆಂದು 91ನೇ ದಿನ ಮದುವೆಯಾದರೆ ಎಲ್ಲವೂ ತೊಳೆದುಹೋಗುವುದೂ ಇಲ್ಲ. ನಿಶ್ಚಿತಾರ್ಥದ ಫೋಟೊ ಇನ್‌ಸ್ಟಾಗ್ರಾಮ್‌ನಲ್ಲಿ, ಒಂದು ಕಡೆಯ ಟಿಕೆಟ್, ಊರಿನ ಕೆಲಸಕ್ಕೆ ರಾಜೀನಾಮೆ, ಸೂಟ್‌ಕೇಸಿನಲ್ಲಿ ಧಾರೆ ಸೀರೆಯ ಜತೆ ಎಸ್‌ಎಸ್‌ಎಲ್‌ಸಿ ಮೂಲ ಅಂಕಪಟ್ಟಿ: ದಿನ ಲೆಕ್ಕ ಹಾಕುವವರನ್ನು ಹಿಡಿದುಕೊಡುವುದು ಇಂಥವು. ಬರಿಯ ಮುನ್ನುದ್ದೇಶವೊಂದನ್ನೇ ಹಿಡಿದು ಇಮ್ಮಿಡಿಯೇಟ್ ರಿಲೆಟಿವ್ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ವಲಸೆ ಮೇಲ್ಮನವಿ ಮಂಡಳಿ 1980ರ ಕಾವಾಜೋಸ್ ಪ್ರಕರಣದಲ್ಲಿ ಹೇಳಿದೆ. ಸುಳ್ಳು ಹೇಳಿದವರಿಗೆ ಆ ತೀರ್ಪು ರಕ್ಷಣೆ ಕೊಡುವುದಿಲ್ಲ.

ಅಬುಧಾಬಿ ದಾರಿಯಾಗಿ ನೇರ ಅಮೆರಿಕ ವಿಮಾನ ಹಿಡಿಯುವವರು ಒಂದು ಗಮನಿಸಿ: ಅಮೆರಿಕದ ಅಧಿಕಾರಿಗಳ ತಪಾಸಣೆ ಅಬುಧಾಬಿ ನಿಲ್ದಾಣದಲ್ಲೇ ಮುಗಿಯುತ್ತದೆ. ಅಲ್ಲಿ ನಿದ್ದೆಗಣ್ಣಲ್ಲಿ ಕೊಟ್ಟ ಉತ್ತರವೂ ದಾಖಲೆಯೇ.

ಇನ್ನೂ ಊರಲ್ಲೇ ಇದ್ದೀರಾ, ಮದುವೆಯೂ ನಿಶ್ಚಯವಾಗಿದೆಯಾ? ಹಾಗಾದರೆ ವಿಸಿಟ್ ವೀಸಾದ ಯೋಚನೆ ಬಿಟ್ಟುಬಿಡಿ. ಇಲ್ಲಿ ಮದುವೆಯಾಗಿ ಸಿಟಿಜನ್ ಸಂಗಾತಿ ನಿಮಗಾಗಿ ಐ-130 ಎಂಬ ಅರ್ಜಿ ಹಾಕಿದರೆ ಇಮಿಗ್ರೆಂಟ್ ವೀಸಾ, ಅಲ್ಲಿ ಹೋಗಿ ಮದುವೆಯಾಗುವುದಾದರೆ ಕೆ-1 ವೀಸಾ. ಕೆ-1ಗೆ ಅರ್ಜಿಯ ಹಿಂದಿನ 2 ವರ್ಷದೊಳಗೆ ಇಬ್ಬರೂ ಮುಖತಃ ಭೇಟಿಯಾಗಿರಬೇಕು, ಹೋದ ಮೇಲೆ 90 ದಿನದೊಳಗೆ ಮದುವೆಯಾಗಬೇಕು. ತಡ ಹಿಡಿಯುತ್ತದೆ ನಿಜ, ಆದರೆ ಉದ್ದೇಶದ ಪ್ರಶ್ನೆಯೇ ಏಳುವುದಿಲ್ಲ.

ಮದುವೆ

ಅಮೆರಿಕದಲ್ಲಿ ಮದುವೆಗೆ ಮೊದಲು ಕೌಂಟಿ ಅಥವಾ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಮ್ಯಾರೇಜ್ ಲೈಸೆನ್ಸ್ ಪಡೆಯಬೇಕು. ನಿಯಮ ರಾಜ್ಯಕ್ಕೊಂದು. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಸಿಕ್ಕ 24 ಗಂಟೆ ಬಳಿಕ, ಟೆಕ್ಸಸ್‌ನಲ್ಲಿ 72 ಗಂಟೆ ಬಳಿಕ ಮದುವೆ, ಕ್ಯಾಲಿಫೋರ್ನಿಯಾದಲ್ಲಿ ಕಾಯಬೇಕಿಲ್ಲ. ಎಡಿಸನ್‌ನ ಶ್ರೀಕೃಷ್ಣ ವೃಂದಾವನದಲ್ಲಿ ಧಾರೆ ಎರೆಯಿರಿ, ರೋಸ್ ಶಾಸ್ತ್ರ ಮುಗಿಸಿ ಚರ್ಚಿನಲ್ಲಿ ಮದುವೆಯಾಗಿ, ನಿಕಾಹ್ ಆಗಲಿ, ಲೈಸೆನ್ಸ್ ಮೊದಲೇ ಕೈಯಲ್ಲಿರಬೇಕು. ವಿಧಿ ನಡೆಸಿದವರು ಅದಕ್ಕೆ ಸಹಿ ಹಾಕಿ ಕ್ಲರ್ಕ್‌ಗೆ ವಾಪಸು ಕಳುಹಿಸಬೇಕು. ಅರ್ಜಿಗೆ ಬೇಕಾದ್ದು ಕ್ಲರ್ಕ್ ಕಚೇರಿ ಕೊಡುವ ಸರ್ಟಿಫೈಡ್ ಪ್ರತಿ. ಹೂಬಳ್ಳಿಯ ಚಿತ್ರವಿರುವ ನೆನಪಿನ ಪತ್ರ ನಡೆಯದು.

ಇಲ್ಲೊಂದು ದೊಡ್ಡ ಹೊಂಡ ಇದೆ. ಊರಿನ ದೇವಸ್ಥಾನದಲ್ಲಿ ಮೊದಲೇ ತಾಳಿ ಕಟ್ಟಿಯಾಗಿದೆ, ‘ರಿಜಿಸ್ಟರ್ ಮಾಡಿಲ್ಲ, ಹಾಗಾಗಿ ಮದುವೆ ಲೆಕ್ಕಕ್ಕಿಲ್ಲ’ ಎಂದು ವೀಸಾ ಫಾರ್ಮಿನಲ್ಲಿ ‘ಸಿಂಗಲ್’ ಎಂದು ಬರೆಯುವುದು. ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರೋಕ್ತವಾಗಿ ನಡೆದ ಮದುವೆ ನೋಂದಣಿಯಿಲ್ಲದೆಯೂ ಮದುವೆಯೇ. ಅಲ್ಲಿ ಹೋಗಿ ಹೊಸದಾಗಿ ಮದುವೆಯಾದಂತೆ ತೋರಿಸಿದರೆ ಆಲ್ಬಂನ ಹಳೆಯ ಫೋಟೊ ಒಂದೇ ಸಾಕು, ಅರ್ಜಿಯೆಲ್ಲ ಕುಸಿಯುತ್ತದೆ.

ಊರಿನ ಕಾಗದಪತ್ರ: ಹೆಚ್ಚು ಸಮಯ ಇಲ್ಲಿ ಹೋಗುತ್ತದೆ

ಅರ್ಜಿದಾರ ಅಮೆರಿಕದಲ್ಲಿ, ದಾಖಲೆ ಕರಾವಳಿಯಲ್ಲಿ. ಆದ್ದರಿಂದ ಮನೆಯಲ್ಲಿ ಕಚೇರಿ ಅಲೆಯಬಲ್ಲ ಒಬ್ಬರಿಗೆ ಈ ಕೆಲಸ ವಹಿಸಿ, ಅರ್ಜಿ ತುಂಬುವ ಮೊದಲೇ ಆರಂಭಿಸಿ.

ಜನನ ಪ್ರಮಾಣಪತ್ರ ಸಿಗುವುದು ಹುಟ್ಟಿದ ಜಾಗದಲ್ಲಿ, ಮನೆ ಇರುವ ಜಾಗದಲ್ಲಲ್ಲ. ಮನೆ ಬಂಟ್ವಾಳದಲ್ಲಿದ್ದರೂ ಲೇಡಿಗೋಷನ್ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಲಾಲ್‌ಬಾಗ್‌ನ ಮಂಗಳೂರು ಮಹಾನಗರಪಾಲಿಕೆಗೆ ಹೋಗಬೇಕು. ಮಣಿಪಾಲದ ಆಸ್ಪತ್ರೆಯಾದರೆ ಮೊದಲು ಉಡುಪಿ ನಗರಸಭೆಯಲ್ಲಿ ವಿಚಾರಿಸಿ. ಹಳ್ಳಿಯ ಮನೆಯಲ್ಲೇ ಹೆರಿಗೆಯಾಗಿದ್ದರೆ ಹಳೆಯ ರಿಜಿಸ್ಟರ್ ತಾಲೂಕು ಕಚೇರಿಯಲ್ಲಿರುವ ಸಾಧ್ಯತೆ ಹೆಚ್ಚು. ದಿನಾಂಕ ಮಾತ್ರ ಹೇಳಿದರೆ ಹುಡುಕುವವರಿಗೆ ಕಷ್ಟ. ಅಪ್ಪ, ಅಮ್ಮನ ಆಗಿನ ಹೆಸರು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಏನಿದ್ದರೂ ಒಯ್ಯಿರಿ.

ಹಳೆಯ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಕಲಂ ಖಾಲಿ ಇರುವುದು ಮಾಮೂಲು, ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದಲ್ಲ. ಹೆಸರು ಸೇರಿಸಿಕೊಡುತ್ತಾರೆಯೇ ಕೇಳಿ. ಆಗದಿದ್ದರೆ ಆ ಪತ್ರದ ಜತೆಗೆ ಶಾಲೆಯ ವರ್ಗಾವಣೆ ಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಹುಟ್ಟನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ ಇಡಿ. ದಾಖಲೆಯೇ ಇಲ್ಲದಿದ್ದರೆ ‘ಲಭ್ಯವಿಲ್ಲ’ ಎಂಬ ದೃಢೀಕರಣವನ್ನು ಅದೇ ಕಚೇರಿಯಿಂದ ಬರೆಸಿಕೊಂಡು, ಇದೇ ಪೂರಕ ದಾಖಲೆ ಸೇರಿಸಬೇಕು. ಕ್ರೈಸ್ತರಿಗೆ ಇಗರ್ಜಿಯ ಜ್ಞಾನಸ್ನಾನ ಪತ್ರ ಒಳ್ಳೆಯ ಆಧಾರ. ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದದ್ದೇ 1970ರ ಏಪ್ರಿಲ್ 1ಕ್ಕೆ. ಅದಕ್ಕಿಂತ ಹಿರಿಯರಿಗೆ ಈ ಪೂರಕ ದಾಖಲೆಗಳೇ ಗತಿ.

ಈಗ ಹೊಸದಾಗಿ ನೋಂದಣಿ ಮಾಡಿಸಿದರೆ ಆಗದೇ? ವರ್ಷ ಮೀರಿದ ನೋಂದಣಿಗೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ಬಳಿಕ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಮಟ್ಟಕ್ಕೆ ಬಂದಿದೆ. ಮಾಡಿಸಬಹುದು, ಆದರೆ ಹುಟ್ಟಿ 30 ವರ್ಷಕ್ಕೆ ನೋಂದಾಯಿಸಿದ ಪತ್ರವನ್ನು ಅಮೆರಿಕದ ಅಧಿಕಾರಿ ಪೂರ್ತಿ ನಂಬುವುದಿಲ್ಲ. ಶಾಲಾ ದಾಖಲೆ ಹೇಗೂ ಕೊಡಲೇಬೇಕಾಗುತ್ತದೆ.

ಹೆಸರು, ಊರುಗಳ ತಕರಾರು ನಮ್ಮ ಜಿಲ್ಲೆಗಳದ್ದೇ ಒಂದು ಬಗೆ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಕುಂದಾಪುರದಲ್ಲಿ 1990ರಲ್ಲಿ ಹುಟ್ಟಿದವರ ಪತ್ರದಲ್ಲಿ ‘ದಕ್ಷಿಣ ಕನ್ನಡ’ ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ‘ಉಡುಪಿ’. 2014ರ ನವೆಂಬರ್ 1ಕ್ಕೆ ‘ಮ್ಯಾಂಗಲೋರ್’ ಹೋಗಿ ‘ಮಂಗಳೂರು’ ಬಂತು. ಅಳಿಯಕಟ್ಟಿನ ಕುಟುಂಬಗಳಲ್ಲಿ ಮಕ್ಕಳಿಗೆ ತಾಯಿ ಕಡೆಯ ಸರ್‌ನೇಮ್, ಅಪ್ಪನದು ಬೇರೆ. ಶಾಲೆಯಲ್ಲಿ ಬರೀ ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರ ವೀಸಾದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂಬ ಅಕ್ಷರಗಳು ಹೆಸರಿನಂತೆ ಕೂತಿರುತ್ತವೆ. ಇದಾವುದೂ ತಿರಸ್ಕಾರಕ್ಕೆ ಕಾರಣವಲ್ಲ, ವಿವರಿಸದೆ ಬಿಟ್ಟರೆ ಮಾತ್ರ ‘ಆರ್‌ಎಫ್‌ಇ’ ಎಂಬ ಹೆಚ್ಚುವರಿ ಪುರಾವೆಯ ಪತ್ರ ಬಂದು ತಿಂಗಳುಗಳು ಹೋಗುತ್ತವೆ. ಎಲ್ಲ ಫಾರ್ಮಿನಲ್ಲೂ ಪಾಸ್‌ಪೋರ್ಟಿನಂತೆಯೇ ಬರೆಯಿರಿ, ಬಳಸಿದ ಬೇರೆಲ್ಲ ಹೆಸರುಗಳನ್ನು ‘ಇತರ ಹೆಸರು’ ಕಲಮಿನಲ್ಲಿ ಕೊಡಿ, ಹೆಚ್ಚುವರಿ ಮಾಹಿತಿ ಪುಟದಲ್ಲಿ ಎರಡು ಸಾಲಿನ ವಿವರಣೆ ಸೇರಿಸಿ.

ಹಿಂದೆ ಮದುವೆಯಾಗಿದ್ದರೆ ಅದು ಕಾನೂನುಬದ್ಧವಾಗಿ ಮುಗಿದದ್ದಕ್ಕೆ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ ಬೇಕು. ಊರಿನ ಹತ್ತು ಸಮಸ್ತರು ಕೂತು ಸ್ಟಾಂಪ್ ಪೇಪರಿನಲ್ಲಿ ಬರೆಸಿದ ಬಿಡುಗಡೆ ಪತ್ರವನ್ನು ನೆಚ್ಚಬೇಡಿ. ಕೆಥೊಲಿಕರು ಇಲ್ಲಿ ಎಡವುವುದುಂಟು: ಧರ್ಮಪ್ರಾಂತ್ಯದ ನ್ಯಾಯಪೀಠ ಮದುವೆಯನ್ನು ಅಸಿಂಧು ಎಂದು ಘೋಷಿಸಿದರೂ ಸಿವಿಲ್ ಕಾನೂನಿನಲ್ಲಿ ಆ ಮದುವೆ ನಿಂತೇ ಇರುತ್ತದೆ. ಚರ್ಚ್ ಕೋರ್ಟಿನ ತೀರ್ಪಿಗೆ ಕಾನೂನಿನ ಮಾನ್ಯತೆ ಬೇಕೆಂದು ಕ್ಲಾರೆನ್ಸ್ ಪಾಯಿಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾ ಮಾಡಿತು. ಡಿಕ್ರಿ ಬರುವ ಮೊದಲು ಮಾಡಿಕೊಂಡ ಎರಡನೇ ಮದುವೆಯ ಮೇಲೆ ಗ್ರೀನ್ ಕಾರ್ಡ್ ಸಿಗುವುದಿಲ್ಲ.

ಕನ್ನಡದ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಮೊಹರು, ಅಂಚಿನ ಷರಾ ಸೇರಿ. ಅನುವಾದಕರು ‘ಎರಡೂ ಭಾಷೆ ಬಲ್ಲೆ, ಇದು ಪೂರ್ಣ ಮತ್ತು ಸರಿ’ ಎಂದು ಬರೆದು ಸಹಿ ಮಾಡಿದರೆ ಸಾಕು. ನೋಟರಿ ಬೇಡ, ಅಪೊಸ್ಟಿಲ್ ಎಂಬ ಸರಕಾರಿ ದೃಢೀಕರಣ ಮುದ್ರೆಯೂ ಬೇಡ. ‘ಅಪೊಸ್ಟಿಲ್ ಇಲ್ಲದೆ ಆಗುವುದೇ ಇಲ್ಲ’ ಎಂದು ಸಾವಿರಗಟ್ಟಲೆ ಕೇಳುವ ಏಜೆಂಟರಿಗೆ ಕೈ ಮುಗಿದು ಹೊರಬನ್ನಿ.

ಅರ್ಜಿಯ ಕಟ್ಟು

ಎಲ್ಲವನ್ನೂ ಒಟ್ಟಿಗೆ ಕಳುಹಿಸಬಹುದು: ಸಂಗಾತಿಯ ಐ-130, ನಿಮ್ಮ ಮಾಹಿತಿಯ ಐ-130ಎ, ಮುಖ್ಯ ಅರ್ಜಿ ಐ-485, ಪೋಷಣೆಯ ಭರವಸೆ ಐ-864, ವೈದ್ಯಕೀಯ ವರದಿ ಐ-693. ಕೆಲಸದ ಅನುಮತಿಗೆ ಐ-765, ಪ್ರಯಾಣದ ಅನುಮತಿಗೆ ಐ-131. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಐ-130ಗೆ ಕಾಗದದಲ್ಲಿ 675 ಡಾಲರ್, ಆನ್‌ಲೈನ್‌ನಲ್ಲಿ 625, ಐ-485ಗೆ 1,440, ಅದರ ಜತೆ ಹಾಕುವ ಐ-765ಗೆ 260, ಐ-131ಗೆ 630. ಎಲ್ಲ ಕಾಗದದಲ್ಲಾದರೆ ಒಟ್ಟು 3,005 ಡಾಲರ್. ಕಳುಹಿಸುವ ದಿನ ದರ, ವಿಳಾಸ, ಫಾರ್ಮಿನ ಕೆಳಗಿನ ಎಡಿಷನ್ ದಿನಾಂಕ ಮೂರನ್ನೂ ಯುಎಸ್‌ಸಿಐಎಸ್ ಜಾಲತಾಣದಲ್ಲಿ ನೋಡಿ. ಪ್ರತಿ ಫಾರ್ಮಿಗೂ ಶುಲ್ಕ ಬೇರೆ ಬೇರೆ ಕಟ್ಟಬೇಕು. ಒಟ್ಟು ಸೇರಿಸಿ ಒಂದೇ ಪಾವತಿ ಮಾಡಿದರೆ, ಹಳೆಯ ಎಡಿಷನ್ ಬಳಸಿದರೆ, ಸಹಿ ಬಿಟ್ಟರೆ ಕಟ್ಟು ಹಾಗೆಯೇ ವಾಪಸು.

ಐ-693 ಈಗ ಐ-485 ಜತೆಗೇ ಇರಬೇಕು, 2024ರ ಡಿಸೆಂಬರ್ 2ರಿಂದ ಈ ನಿಯಮ. ಯುಎಸ್‌ಸಿಐಎಸ್ ನೇಮಿಸಿದ ಸಿವಿಲ್ ಸರ್ಜನ್ ಮಾತ್ರ ಇದನ್ನು ಮಾಡಬಲ್ಲರು. ಮೊಹರು ಹಾಕಿದ ಲಕೋಟೆ ತೆರೆಯಬೇಡಿ. ಕ್ಷಯಕ್ಕೆ ಐಜಿಆರ್‌ಎ ರಕ್ತಪರೀಕ್ಷೆ. ನಮ್ಮವರಲ್ಲಿ ಅದು ಪಾಸಿಟಿವ್ ಬಂದರೆ ಗಾಬರಿ ಬೇಡ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ, ಸುಪ್ತ ಕ್ಷಯ ಗ್ರೀನ್ ಕಾರ್ಡ್‌ಗೆ ಅಡ್ಡಿಯಲ್ಲ. ಬಾಲ್ಯದ ಲಸಿಕೆಯ ಕಾರ್ಡ್ ಮನೆಯಲ್ಲಿದ್ದರೆ ಫೋಟೊ ತರಿಸಿಕೊಳ್ಳಿ, ಕೆಲವು ಚುಚ್ಚುಮದ್ದು ಮತ್ತೆ ಹಾಕಿಸಿಕೊಳ್ಳುವುದು ತಪ್ಪುತ್ತದೆ.

ಐ-864 ಬರಿಯ ಸಹಿಯಲ್ಲ, ಸರಕಾರದೊಂದಿಗಿನ ಕರಾರು. ಸಂಗಾತಿಯ ಆದಾಯ ಅಮೆರಿಕ ಸರಕಾರದ ಬಡತನ ಮಾರ್ಗಸೂಚಿಯ ಶೇ. 125 ಮುಟ್ಟಬೇಕು. ಇಬ್ಬರ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ 26,437 ಡಾಲರ್. ಸಾಲದಿದ್ದರೆ ಅಮೆರಿಕದಲ್ಲಿ ನೆಲೆಸಿದ ಯಾವುದೇ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಹೊಂದಿದವರು ಜಂಟಿ ಪ್ರಾಯೋಜಕರಾಗಬಹುದು. ‘ಮಾವಾ, ಒಂದು ಸಹಿ ಹಾಕಿ’ ಎಂದು ಕೇಳುವ ಮೊದಲು ಮಾವನಿಗೆ ಇದನ್ನು ಹೇಳಿ: ಈ ಹೊಣೆ ನೀವು ಸಿಟಿಜನ್ ಆಗುವವರೆಗೆ, ಅಥವಾ 40 ತ್ರೈಮಾಸಿಕದ (ಸುಮಾರು 10 ವರ್ಷದ) ದುಡಿಮೆ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೇ ನೀವು ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ ಇರುತ್ತದೆ. ಡೈವೋರ್ಸ್ ಆದರೂ ಬಿಡದು.

ಊರಿನ ಆಸ್ತಿ ತೋರಿಸಬಹುದೇ? ಸಿಟಿಜನ್‌ನ ಸಂಗಾತಿಯ ವಿಷಯದಲ್ಲಿ ಆದಾಯ ಎಷ್ಟು ಕಡಿಮೆಯೋ ಅದರ 3 ಪಟ್ಟು ಆಸ್ತಿ ತೋರಿಸಿದರೆ ನಡೆಯುತ್ತದೆ, ನಿಮ್ಮ ಹೆಸರಿನದ್ದೂ ಆಗುತ್ತದೆ. ಆದರೆ ವರ್ಷದೊಳಗೆ ನಗದಾಗುವಂತಿರಬೇಕು. ಪಹಣಿ ಪತ್ರ ಮೌಲ್ಯ ಹೇಳುವುದಿಲ್ಲ, ಮೌಲ್ಯಮಾಪಕರ ವರದಿ ಬೇಕು. ಪಾಲಾಗದ ಕುಟುಂಬದ ಜಾಗ ಲೆಕ್ಕಕ್ಕೆ ಬರುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಜಾಗದ ಬದಲು ಎಫ್‌ಡಿ ತೋರಿಸುವುದು ಲೇಸು.

ಐ-485ರ ಹೌದು-ಇಲ್ಲ ಪ್ರಶ್ನೆಗಳನ್ನು ಒಂದೇ ಉಸಿರಿಗೆ ‘ಇಲ್ಲ’ ಎಂದು ಟಿಕ್ ಮಾಡಬೇಡಿ. ಶಸ್ತ್ರಾಸ್ತ್ರ ತರಬೇತಿಯ ಪ್ರಶ್ನೆಗೆ ಕಾಲೇಜಿನ ಎನ್‌ಸಿಸಿ ರೈಫಲ್ ತರಬೇತಿಯನ್ನೂ ಹೇಳಿ ವಿವರಿಸುವುದು ಕ್ಷೇಮ. ಸಂಬಂಧಿಕರ ಅಂಗಡಿಯಲ್ಲಿ ಸಂಬಳಕ್ಕೆ ನಿಂತಿದ್ದರೆ ಅದನ್ನೂ ಬರೆಯಿರಿ. ಆ ಕೆಲಸಕ್ಕೆ ಕ್ಷಮೆ ಇದೆ. ಕೆಲಸ ಪಡೆಯಲು ‘ನಾನು ಸಿಟಿಜನ್’ ಎಂದು ಫಾರ್ಮಿನಲ್ಲಿ ಟಿಕ್ ಮಾಡಿದ್ದರೆ ಅದಕ್ಕಿಲ್ಲ. ಆಗ ಅರ್ಜಿ ಹಾಕುವ ಮೊದಲೇ ವಲಸೆ ವಕೀಲರನ್ನು ಕಾಣಬೇಕು.

ಕಾಯುವ ಕಾಲ

ಮೊದಲು ರಸೀದಿ, ಆಮೇಲೆ ಬೆರಳಚ್ಚಿನ ಕರೆ, ಕೆಲಸದ ಅನುಮತಿ, ಕೊನೆಗೆ ಇಂಟರ್‌ವ್ಯೂ. ಅನುಮತಿ ಕಾರ್ಡ್ ಬರುವವರೆಗೆ ಸಂಬಳದ ಕೆಲಸ ಬೇಡ. ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಮೂಲಕ ತಿಳಿಸಿ. ತಪ್ಪಿದ ಪತ್ರದಿಂದ ಬಿದ್ದ ಅರ್ಜಿಗಳಿವೆ.

ಪ್ರಯಾಣದ ವಿಷಯದಲ್ಲಿ ಭಾವುಕರಾಗಬೇಡಿ. ಐ-131 ಹಾಕಿ ಕೇಳಿದ ಪ್ರಯಾಣದ ಅನುಮತಿ, ಅಂದರೆ ಅಡ್ವಾನ್ಸ್ ಪೆರೋಲ್, ಕೈಗೆ ಬರುವ ಮೊದಲು ಅಮೆರಿಕ ಬಿಟ್ಟರೆ ಐ-485 ಕೈಬಿಟ್ಟಂತೆ. ತಂಗಿಯ ಮದುವೆ, ಮನೆಯ ನೇಮ, ಅಜ್ಜಿಯ ಬೊಜ್ಜ ಯಾವುದೂ ವಿನಾಯಿತಿಯಲ್ಲ. ಅದರ ಮೇಲೆ, ಅರ್ಜಿ ಬಾಕಿಯಿರುವ ದಿನಗಳನ್ನು ಬಿಟ್ಟು, ಐ-94 ಮುಗಿದು 180 ದಿನ ದಾಟಿ ಹೊರಟವರಿಗೆ 3 ವರ್ಷ, ಒಂದು ವರ್ಷ ದಾಟಿದವರಿಗೆ 10 ವರ್ಷ ಮರುಪ್ರವೇಶ ನಿಷೇಧ. ತಂದೆ ತಾಯಿ ಐಸಿಯುನಲ್ಲಿದ್ದರೆ ತುರ್ತು ಪೆರೋಲ್ ಕೇಳಬಹುದು, ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ವೈದ್ಯರ ಸಹಿಯಿರುವ ಪತ್ರ ಬೇಕು. ಅದಕ್ಕೇ ಐ-131ನ್ನು ಆರಂಭದಲ್ಲೇ ಹಾಕಿಡುವುದು ಒಳ್ಳೆಯದು.

ಅರ್ಜಿ ತಿರಸ್ಕಾರವಾದಾಗ ಐ-94 ಮುಗಿದಿದ್ದರೆ ಗಡೀಪಾರು ನ್ಯಾಯಾಲಯದ ನೋಟಿಸ್ ಬರುತ್ತದೆ. 2025ರ ಫೆಬ್ರವರಿಯ ನಿರ್ದೇಶನದ ನಂತರ ಇದು ಬಿಗಿಯಾಗಿದೆ. ಅವಧಿ ಮೀರಿದವರು, ಎಂದಾದರೂ ಬಂಧನಕ್ಕೊಳಗಾದವರು ವಲಸೆ ವಕೀಲರಿಲ್ಲದೆ ಇಂಟರ್‌ವ್ಯೂಗೆ ಹೋಗಬಾರದು.

ಇಂಟರ್‌ವ್ಯೂ

ಇಬ್ಬರನ್ನೂ ಕರೆಯುತ್ತಾರೆ. ಮದುವೆ ನಿಜವೇ ಎಂಬುದು ಅವರ ಮುಖ್ಯ ಪ್ರಶ್ನೆ. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಆರೋಗ್ಯ ವಿಮೆ, ಒಟ್ಟಿಗೆ ಹಾಕಿದ ತೆರಿಗೆ ರಿಟರ್ನ್ ಇವಕ್ಕೆ ತೂಕ ಹೆಚ್ಚು. ಖಾತೆ ತೆರೆದು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ, ದಿನಸಿ, ಬಾಡಿಗೆ ಅದರಿಂದಲೇ ಹೋಗಬೇಕು. ಮನೆಯವರು ನೋಡಿ ಕೂಡಿಸಿದ ಸಂಬಂಧವಾದರೆ ಹಾಗೆಂದೇ ಹೇಳಿ. ಪ್ರೇಮಕಥೆ ಕಟ್ಟುವ ಅಗತ್ಯವಿಲ್ಲ. ಯಾರು ಪ್ರಸ್ತಾಪ ತಂದರು, ಮೊದಲು ಯಾವಾಗ ಮಾತಾಡಿದಿರಿ, ಎರಡೂ ಮನೆಯವರ ಫೋಟೊ, ಕರೆಗಳ ವಿವರ ಸಾಕು. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅನ್ನಿ. ಇಂಗ್ಲಿಷ್ ಕಷ್ಟವೆನಿಸಿದರೆ ಭಾಷಾಂತರಕಾರರನ್ನು ಕರೆದೊಯ್ಯಬಹುದು, ಜಿ-1256 ಫಾರ್ಮಿಗೆ ಅಧಿಕಾರಿಯ ಮುಂದೆಯೇ ಸಹಿ ಮಾಡಬೇಕು. ಸಂಶಯ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆ ಕೇಳುತ್ತಾರೆ. ಹಣ ಕೊಟ್ಟು ಮಾಡಿದ ಮದುವೆ ಎಂದು ತೀರ್ಮಾನವಾದರೆ ಮುಂದೆ ಯಾರ ಮೂಲಕ ಅರ್ಜಿ ಹಾಕಿದರೂ ಮಂಜೂರಾಗದು. ಅಪರಾಧ ಸಾಬೀತಾದರೆ 5 ವರ್ಷದವರೆಗೆ ಸೆರೆ, 2,50,000 ಡಾಲರ್‌ವರೆಗೆ ದಂಡ.

ಮಂಜೂರಾತಿಯ ದಿನ ಮದುವೆಗೆ 2 ವರ್ಷ ತುಂಬಿರದಿದ್ದರೆ ಬರುವುದು 2 ವರ್ಷದ ಷರತ್ತಿನ ಕಾರ್ಡ್, ತುಂಬಿದ್ದರೆ 10 ವರ್ಷದ್ದು. ಷರತ್ತಿನ ಕಾರ್ಡ್ ಮುಗಿಯುವ ಹಿಂದಿನ 90 ದಿನದೊಳಗೆ ಇಬ್ಬರೂ ಸೇರಿ ಷರತ್ತು ತೆಗೆಸುವ ಅರ್ಜಿ ಐ-751 ಹಾಕಬೇಕು. ಮೊದಲೇ ಹಾಕಿದರೆ ವಾಪಸು, ತಡವಾದರೆ ಕಾರ್ಡಿನ ಹಕ್ಕೇ ಹೋಗುತ್ತದೆ. ಸಂಬಂಧ ಮುರಿದಿದ್ದರೆ ಅಥವಾ ಹಿಂಸೆ ಇದ್ದರೆ ಒಬ್ಬರೇ ವೇವರ್ ಕೋರಿ ಹಾಕಲು ಅವಕಾಶವಿದೆ, ಸಂಗಾತಿಯ ಸಹಿಗಾಗಿ ಸಹಿಸಿಕೊಂಡು ಇರಬೇಕಿಲ್ಲ. ಇದನ್ನು ಊರಿನ ಹೆತ್ತವರೂ ತಿಳಿದಿರಲಿ. ಕಾರ್ಡ್ ಬಂದ ದಿನವೇ ಆ 90 ದಿನದ ಲೆಕ್ಕವನ್ನು ಇಬ್ಬರ ಫೋನಿನ ಕ್ಯಾಲೆಂಡರಿನಲ್ಲೂ ಹಾಕಿ, ವಿಮೆ, ಬಾಡಿಗೆ, ತೆರಿಗೆಯ ಕಾಗದಗಳನ್ನು ಅಂದಿನಿಂದಲೇ ಒಂದು ಫೈಲಿಗೆ ಸೇರಿಸುತ್ತಾ ಬನ್ನಿ.